ಪಾಕ ಮೀರಿದ ಬಾಟಲಿ: ಒಂದು ವೈನ್ ವಿಮರ್ಶೆಯ ಪ್ರಕರಣ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಪ್ರಕರಣವನ್ನು ನಾನು ದಡದಲ್ಲಿ ನಿಂತು ನೋಡಿದ್ದಲ್ಲ, ಕಾಲು ಜಾರಿ ಬಿದ್ದವರಲ್ಲಿ ನಾನೂ ಒಬ್ಬಳು. 2024ರ ಬೇಸಿಗೆಯಲ್ಲಿ, ನಂದಿಬೆಟ್ಟದ ತಪ್ಪಲಿನ ಒಂದು ಚಿಕ್ಕ ವೈನರಿಯ ಕೆಂಪು ವೈನ್ ಬಗ್ಗೆ ಆರು ಸಾಲು ಬರೆದು ಫೋನಿನಲ್ಲಿ ಹಾಕಿದೆ. ಅದಕ್ಕೂ ಒಂದೂವರೆ ತಿಂಗಳು ಮುಂಚೆ ಅದೇ ವೈನನ್ನು ಹನ್ನೊಂದು ಜನ ರೀಲ್ ಮಾಡಿ ಅಟ್ಟಕ್ಕೇರಿಸಿದ್ದರು. ಅವರೂ ತಪ್ಪಿದರು, ನಾನೂ ತಪ್ಪಿದೆ. ತಪ್ಪಿದ ಬಗೆ ಬೇರೆ ಬೇರೆ. ವೈನರಿ, ಅಂಗಡಿ, ಏಜೆನ್ಸಿ ಯಾವುದರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಪ್ರಕರಣದಲ್ಲಿ ಬರುವ ಮೂರು ಬಾಟಲಿಗಳಲ್ಲಿ ಎರಡಕ್ಕೆ ದುಡ್ಡು ಕೊಟ್ಟವಳು ನಾನು. ಮೂರನೆಯದು ಕೈಗೆ ಬಂದ ಕತೆ ಮುಂದಿದೆ.

ಶುಗರ್ ಬಾಕ್ಸ್

ಮಾರ್ಚ್ ಎರಡನೇ ವಾರ. ನೀರಿನ ಟ್ಯಾಂಕರ್ ಯಾವಾಗ ಬರುತ್ತದೋ ಎಂದು ಅರ್ಧ ಬೆಂಗಳೂರು ಫೋನ್ ಹಿಡಿದು ಕೂತಿದ್ದ ದಿನಗಳು. ಅದೇ ಫೋನಿನಲ್ಲಿ ಒಂದು ಸಂಜೆ ಆ ವೈನಿನ ರೀಲ್ ಬಂತು. ಹುಡುಗಿಯೊಬ್ಬಳು ಬಾಲ್ಕನಿಯಲ್ಲಿ ನಿಂತು ಗ್ಲಾಸ್ ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ ಹೇಳಿದಳು: ಬ್ಲ್ಯಾಕ್‌ಕರಂಟ್, ಸಿಗಾರ್ ಬಾಕ್ಸ್, ಬಾಯಲ್ಲಿ ವೆಲ್ವೆಟ್. ಮರುದಿನ ಇಂದಿರಾನಗರದ ಒಂದು ಮಾಳಿಗೆಯಿಂದ ಗಡ್ಡದ ಹುಡುಗ, ಮತ್ತೆ ಬ್ಲ್ಯಾಕ್‌ಕರಂಟ್, ಮತ್ತೆ ವೆಲ್ವೆಟ್. ವಾರದಲ್ಲಿ ಹನ್ನೊಂದು ರೀಲ್ ಎಣಿಸಿದೆ. ನಾಲ್ಕು ಕನ್ನಡದವು. ಕನ್ನಡದ ನಾಲ್ಕರಲ್ಲಿ ಮೂರು ಮಂದಿ ‘ಸಿಗಾರ್ ಬಾಕ್ಸ್’ ಅನ್ನುವ ಕಡೆ ‘ಶುಗರ್ ಬಾಕ್ಸ್’ ಅಂದಿದ್ದರು.

ಓಲೆಗರಿ ಪ್ರತಿಗಳನ್ನು ಸಂಪಾದಿಸುವವರಿಗೆ ಇದು ಹಳೆಯ ಪಾಠ. ಮೂರು ಪ್ರತಿಯಲ್ಲಿ ಒಂದೇ ಕಡೆ ಒಂದೇ ತಪ್ಪು ಬಿದ್ದಿದ್ದರೆ ಮೂರಕ್ಕೂ ತಾಯಿ ಒಂದೇ. ಸರಿಯಾದ ಪಾಠ ಯಾರಿಗೂ ತಾನಾಗಿ ಹೊಳೆಯಬಹುದು, ಸಕ್ಕರೆ ಡಬ್ಬಿಯ ವಾಸನೆ ಮೂವರಿಗೆ ಒಟ್ಟಿಗೆ ಹೊಳೆಯುವುದಿಲ್ಲ. ಜಾಹೀರಾತು ಏಜೆನ್ಸಿಯೊಂದು ಬರೆದುಕೊಟ್ಟ ಒಕ್ಕಣೆಯನ್ನು ಯಾರೋ ಕನ್ನಡಕ್ಕಿಳಿಸುವಾಗ ಎಡವಿದ್ದರು, ಓದಿದವರು ಹಾಗೇ ಓದಿದ್ದರು.

ನನ್ನನ್ನು ಚುಚ್ಚಿದ್ದು ಇನ್ನೊಂದು ಸಂಗತಿ. ಬ್ಲ್ಯಾಕ್‌ಕರಂಟ್ ಮತ್ತು ಸಿಗಾರ್ ಡಬ್ಬಿ, ಎರಡೂ ಕ್ಯಾಬರ್ನೆ ಸಾವಿನ್ಯೋಂ ದ್ರಾಕ್ಷಿಯ ವೈನಿಗೆ ಹೇಳುವ ಮಾಮೂಲಿ ಮಾತು. ಈ ಬಾಟಲಿಯಲ್ಲಿದ್ದದ್ದು ಶಿರಾಜ್ ಎಂಬ ಬೇರೆ ದ್ರಾಕ್ಷಿಯ ವೈನ್. ಶಿರಾಜ್ ಬಗ್ಗೆ ಬರೆಯುವವರು ಮೊದಲು ಹುಡುಕುವುದು ಕಾಳುಮೆಣಸನ್ನು, ಅದೂ ಬರೀ ಉಪಮೆಯಾಗಿ ಅಲ್ಲ. ಮೆಣಸಿಗೆ ಘಾಟು ಕೊಡುವ ರೊಟಂಡೋನ್ ಎಂಬ ಅಂಶವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದ್ದಾರೆ. ಹನ್ನೊಂದು ರೀಲಿನಲ್ಲಿ ಮೆಣಸಿನ ಮಾತು ಒಂದೇ ಒಂದರಲ್ಲೂ ಇರಲಿಲ್ಲ. ಬೇರೆ ಯಾವುದೋ ವೈನಿಗೆ ಹೊಲಿದ ಅಂಗಿಯನ್ನು ಇದಕ್ಕೆ ತೊಡಿಸಿದ್ದರು.

ವೈನರಿಯವರು ಯಾಕೆ ಹೀಗೆ ಮಾಡಿದರು ಎಂದು ಬೈಯುವ ಮುಂಚೆ ಅವರ ಕಷ್ಟವನ್ನೂ ನೋಡಬೇಕು. ಮದ್ಯದ ಜಾಹೀರಾತನ್ನು ಟೀವಿಯಲ್ಲಿ ನೇರವಾಗಿಯೂ ಸುತ್ತು ಬಳಸಿಯೂ ತೋರಿಸುವ ಹಾಗಿಲ್ಲ ಎಂದು ಕೇಬಲ್ ಟೀವಿ ನಿಯಮಗಳು ಹೇಳುತ್ತವೆ. ದೊಡ್ಡ ಕಂಪನಿಗಳು ಅದೇ ಹೆಸರಿನ ಸೋಡಾ, ಕುಡಿಯುವ ನೀರು, ಮ್ಯೂಸಿಕ್ ಸಿ.ಡಿ. ಎಂದು ಹಿಂಬಾಗಿಲು ಮಾಡಿಕೊಂಡವು. ಸರ್ಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆ ಹಿಂಬಾಗಿಲಿಗೂ ಬೀಗ ಹಾಕಲು ನೋಡಿತು. ಕೆಲವೇ ಎಕರೆ ದ್ರಾಕ್ಷಿ ಇಟ್ಟುಕೊಂಡವನಿಗೆ ಸೋಡಾ ಫ್ಯಾಕ್ಟರಿ ಎಲ್ಲಿಂದ ಬರಬೇಕು? ತೋಟಕ್ಕೆ ಬನ್ನಿ, ದ್ರಾಕ್ಷಿ ತುಳಿಯಿರಿ, ಫೋಟೋ ತೆಗೆಯಿರಿ ಅನ್ನಬೇಕು, ಇಲ್ಲವೇ ಫೋನಿನ ಮಂದಿಯನ್ನು ಹಿಡಿಯಬೇಕು. ದುಡ್ಡು ಅಥವಾ ಉಡುಗೊರೆ ಪಡೆದು ಹಾಕಿದ ಪೋಸ್ಟಿಗೆ ಅದು ಜಾಹೀರಾತು ಎಂಬ ಚೀಟಿ ಅಂಟಿಸಬೇಕೆಂದು ಜಾಹೀರಾತು ಉದ್ಯಮದ್ದೇ ಆದ ಮಂಡಳಿ, ಎ.ಎಸ್.ಸಿ.ಐ., 2021ರಲ್ಲಿ ಹೇಳಿದೆ. ಹನ್ನೊಂದರಲ್ಲಿ ಒಂದಕ್ಕೆ ಆ ಚೀಟಿ ಇತ್ತು, ಬೂದು ಬಣ್ಣದಲ್ಲಿ, ಗ್ಲಾಸಿನ ಹಿಂದೆ.

ಬ್ಲ್ಯಾಕ್‌ಕರಂಟ್ ತಿಂದವರು ಯಾರು

ಬೆಂಗಳೂರಿನವರಿಗೆ ಬ್ಲ್ಯಾಕ್‌ಕರಂಟ್ ಗೊತ್ತಿರುವುದು ಐಸ್‌ಕ್ರೀಂ ಅಂಗಡಿಯಿಂದ. ಡ್ರೈಫ್ರೂಟ್ ಅಂಗಡಿಯಲ್ಲಿ ಆ ಹೆಸರಿನಲ್ಲಿ ಕೊಡುವುದೂ ಸಾಮಾನ್ಯವಾಗಿ ಒಣಗಿಸಿದ ಕರಿದ್ರಾಕ್ಷಿ. ನಿಜವಾದ ಬ್ಲ್ಯಾಕ್‌ಕರಂಟ್ ಚಳಿದೇಶದ ಪೊದೆಯ ಹಣ್ಣು, ನಮ್ಮ ಕಡೆ ಬೆಳೆಯುವುದಿಲ್ಲ. ಆದರೂ ಆ ಪದ ಇಲ್ಲಿಗೆ ಬಂದದ್ದು ಹೇಗೆ ಅನ್ನುವುದಕ್ಕೆ ಒಂದು ದಾರಿಯಿದೆ.

ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್ 1978ರಲ್ಲಿ ‘ದಿ ವೈನ್ ಅಡ್ವೊಕೇಟ್’ ಎಂಬ ಪತ್ರಿಕೆ ಶುರುಮಾಡಿ ವೈನಿಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಿದ. ಲೆಕ್ಕ ಶುರುವಾಗುವುದೇ 50ರಿಂದ, ಅಂದರೆ ನೀರು ಕೊಟ್ಟರೂ ಅರ್ಧ ಪಾಸು. ಅದರ ಮೇಲೆ ಪಾರ್ಕರ್ ಬರೆಯುತ್ತಿದ್ದ ಹಣ್ಣು, ಮರ, ಹೊಗೆಸೊಪ್ಪುಗಳ ಉದ್ದನೆಯ ಪಟ್ಟಿ. 1984ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆ್ಯನ್ ನೋಬಲ್ ವೈನಿನ ವಾಸನೆಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿ ಅಚ್ಚುಹಾಕಿಸಿದರು. ಆಕೆಯ ಉದ್ದೇಶ ಸ್ಪಷ್ಟವಿತ್ತು: ‘ಸೊಗಸಾಗಿದೆ’, ‘ಗಂಭೀರವಾಗಿದೆ’ ಎನ್ನುವ ಹಾರಿಕೆಯ ಮಾತು ಬಿಟ್ಟು ಜನ ಮೂಸಿ ನೋಡಿದ್ದನ್ನು ಹೇಳಲಿ. ಚಕ್ರದಲ್ಲಿದ್ದದ್ದು ಅಲ್ಲಿಯವರು ಮೂಸಿ ಬೆಳೆದ ಹಣ್ಣುಗಳು. ಅದು ಅವರ ಅಡುಗೆಮನೆ, ತಪ್ಪೇನಿಲ್ಲ. ನಾವು ಆ ಚಕ್ರವನ್ನು ಹಾಗೇ ಹೊತ್ತುತಂದೆವು. 2010ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ವಿವಿನೋ ಆ್ಯಪ್ ಬಂದ ಮೇಲಂತೂ ಲೇಬಲ್ಲಿನ ಫೋಟೋ ತೆಗೆದರೆ ಸಾಕು, ನಕ್ಷತ್ರಗಳೂ ಹಿಂದೆ ಕುಡಿದವರ ಮಾತುಗಳೂ ಕಣ್ಣಮುಂದೆ. ಬಾಯಿಗೆ ಮುಂಚೆ ಪದ ಬರುತ್ತದೆ, ಆಮೇಲೆ ಬಾಯಿ ಆ ಪದವನ್ನು ಹುಡುಕಿಕೊಂಡು ಹೋಗುತ್ತದೆ.

ಈ ದಾರಿಯಲ್ಲಿ ಬೆಂಗಳೂರು ಪೂರ್ತಿ ಹೊರಗಿನದೇನಲ್ಲ. ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ವೈನರಿಗೆ 1990ರ ದಶಕದಲ್ಲಿ ಸಲಹೆಗಾರರಾಗಿ ಬಂದವರು ಫ್ರಾನ್ಸಿನ ಮಿಶೆಲ್ ರೋಲಾಂ. ಪಾರ್ಕರ್ ಮೆಚ್ಚುವ ಗಾಢ, ಮೃದು ವೈನುಗಳ ಹಿಂದಿನ ಕೈ ಎಂದು ಜಗತ್ತಿಗೆಲ್ಲ ಗೊತ್ತಿದ್ದ ಮನುಷ್ಯ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ಬಂತು, ಉತ್ಸವಗಳಾದವು. ತೋಟ ಬಂತು, ನೀತಿ ಬಂತು, ಅಂಕ ಬಂತು. ಕನ್ನಡದಲ್ಲಿ ರುಚಿಯ ಮಾತು ಬರಲಿಲ್ಲ.

ಬರಲಿಲ್ಲ ಅನ್ನುವುದಕ್ಕಿಂತ ಇದ್ದದ್ದನ್ನು ಬಳಸಲಿಲ್ಲ ಅನ್ನಬೇಕು. ಟ್ಯಾನಿನ್ ಎಂದು ಲೇಬಲ್ಲಿನಲ್ಲಿ ಬರೆದು ಕೆಳಗೆ ಎರಡು ಸಾಲು ವಿವರಣೆ ಕೊಡುತ್ತಾರೆ. ಎಳೆ ಅಡಿಕೆ, ದೋರುಗಾಯಿ ನೇರಳೆ ತಿಂದ ಯಾವ ಮಗುವಿಗೂ ಅದು ಒಗರು. ವಿವರಣೆ ಬೇಡ. ಬಾಟಲಿಯ ಬೆಂಡು, ಅಂದರೆ ಕಾರ್ಕ್, ಕೆಟ್ಟು ವೈನ್ ಹಾಳಾದರೆ ಮುಗ್ಗಲು ವಾಸನೆ. ಒಂದು ಬಗೆಯ ಯೀಸ್ಟ್ ಸೇರಿಕೊಂಡರೆ ಕೊಟ್ಟಿಗೆ ವಾಸನೆ. ಇದರ ಎದುರು ನಮ್ಮದೇ ಬೆಂಗಳೂರು ನೀಲಿ ದ್ರಾಕ್ಷಿಯ ಪಾಡು ನೋಡಿ. 2013ರಲ್ಲಿ ಜಿಐ ಟ್ಯಾಗ್ ಪಡೆದ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಚಪ್ಪರ ತುಂಬ ತೂಗುವ ಹಣ್ಣು. ಇದರ ವಾಸನೆಗೆ ವೈನ್ ಪುಸ್ತಕಗಳು ನರಿಯ ವಾಸನೆ ಎಂಬರ್ಥದ ಹೆಸರಿಟ್ಟು ದೋಷದ ಪಟ್ಟಿಗೆ ಹಾಕುತ್ತವೆ. ನಮ್ಮ ಅಮ್ಮನ ಮುಂದೆ ಹಿಡಿದರೆ ಆಕೆ ಹೇಳುವುದು ಒಂದೇ ಮಾತು: ‘ದ್ರಾಕ್ಷಿ ವಾಸನೆ ಕಣೇ.’

ಆರು ಸಾಲು

ಏಪ್ರಿಲ್ 29, ಸೋಮವಾರ. ಹಿಂದಿನ ದಿನ ಬೆಂಗಳೂರಿನಲ್ಲಿ 38.5 ಡಿಗ್ರಿ ಬಿಸಿಲು. ನಗರದ ದಾಖಲೆ 2016ರ ಏಪ್ರಿಲ್‌ನ 39.2, ಅದಕ್ಕೆ ಒಂದು ಡಿಗ್ರಿಯೂ ಕಡಿಮೆಯಿಲ್ಲ. ಮಲ್ಲೇಶ್ವರದ ಆಚೆ ಒಂದು ವೈನ್ ಶಾಪಿಗೆ ಹೋದೆ. ನಮ್ಮೂರಲ್ಲಿ ವೈನ್ ಶಾಪ್ ಅಂದರೆ ವಿಸ್ಕಿ, ರಮ್ಮು, ಬ್ರಾಂದಿ ಸಿಗುವ ಜಾಗ. ವೈನ್ ಕೇಳಿದರೆ ಕೌಂಟರಿನವರು ಒಮ್ಮೆ ತಬ್ಬಿಬ್ಬಾಗುತ್ತಾರೆ. ಹೆಂಗಸು ಕೇಳಿದರೆ ಎರಡು ಸಲ. ‘ಕೇಕಿಗಾ ಮೇಡಂ?’ ಅಂದ. ಅಲ್ಲಪ್ಪ, ಕುಡಿಯೋಕೆ ಅಂದೆ. ಸ್ಟೂಲ್ ಹತ್ತಿ, ಮೇಲಿನ ಸಾಲಿನಲ್ಲಿ ಟ್ಯೂಬ್‌ಲೈಟಿಗೆ ಅಂಟಿಕೊಂಡಂತೆ ನಿಂತಿದ್ದ ಬಾಟಲಿ ಇಳಿಸಿ, ಧೂಳು ಒರೆಸಿ ಕೊಟ್ಟ. 950 ರೂಪಾಯಿ.

ಮೇ 1ರ ರಾತ್ರಿ ತೆಗೆದೆ. ಬಾಟಲಿಯ ಕುತ್ತಿಗೆಗೆ ಸುತ್ತಿದ ಹಾಳೆಯನ್ನು ಬೆರಳಲ್ಲಿ ತಿರುಗಿಸಿದರೆ ಸಾಮಾನ್ಯವಾಗಿ ತಿರುಗುತ್ತದೆ. ಇದು ಅಂಟಿಕೊಂಡಿತ್ತು. ಕಿತ್ತು ನೋಡಿದರೆ ಬೆಂಡು ಕೂದಲೆಳೆಯಷ್ಟು ಮೇಲೆದ್ದಿತ್ತು, ಸುತ್ತಲೂ ಒಣಗಿದ ನೇರಳೆ ಕಲೆ. ಇದನ್ನು ನಾನು ನೋಡಿದೆ. ನೋಡಿಯೂ ಯೋಚಿಸಲಿಲ್ಲ. ನನ್ನ ತಲೆ ತುಂಬ ಆ ಹನ್ನೊಂದು ರೀಲು. ಒಂದು ಗುಟುಕು ಕುಡಿದು, ಸಿಟ್ಟು ಬಂದು, ಊಟಕ್ಕೂ ಮುಂಚೆ ಬರೆದು ಹಾಕಿದೆ:

‘950 ರೂಪಾಯಿ ಕೊಟ್ಟು ತಂದೆ.
ಮೂಗಿಗೆ ನಿನ್ನೆಯ ಒಣದ್ರಾಕ್ಷಿ ಪಾಯಸ.
ಒಗರು ಸತ್ತಿದೆ.
ಹುಳಿ ಒಂದು ಕಡೆ, ಸಿಹಿ ಒಂದು ಕಡೆ.
ಬ್ಲ್ಯಾಕ್‌ಕರಂಟ್ ಅಂದವರು ಐಸ್‌ಕ್ರೀಂ ತಿಂದಿರಬೇಕು.
ಇವರಿಗೆ ವೈನ್ ಮಾಡಲು ಬರುವುದಿಲ್ಲ.’

ಈಗ ಕೂತು ನೋಡಿದರೆ ಮೊದಲ ನಾಲ್ಕು ಸಾಲು ನನ್ನ ಮುಂದಿದ್ದ ಬಾಟಲಿಯ ಬಗ್ಗೆ, ನಾಲ್ಕೂ ಸರಿ. ಐದನೆಯದು ಚೇಷ್ಟೆ, ಜನ ಹಂಚಿದ್ದು ಅದಕ್ಕಾಗಿ. ಆರನೆಯದು ಬಾಟಲಿಯಿಂದ ಜಿಗಿದು ಒಬ್ಬ ಮನುಷ್ಯನ ಕೈಗುಣದ ಮೇಲೆ ಬಿತ್ತು. ಆ ಜಿಗಿತಕ್ಕೆ ನನ್ನ ಬಳಿ ಆಧಾರ ಇರಲಿಲ್ಲ. ಎರಡು ದಿನದಲ್ಲಿ ಪೋಸ್ಟು 300 ಕಡೆ ಹಂಚಿಹೋಗಿತ್ತು. ನಮ್ಮ ಲೇಔಟಿನ ವಾಟ್ಸ್ಯಾಪ್ ಗುಂಪಿಗೂ ಬಂತು, ‘ಕುಡಿತದಿಂದ ದೂರವಿರಿ’ ಎಂಬ ಒಕ್ಕಣೆ ಸೇರಿಸಿಕೊಂಡು.

‘ಎಲ್ಲಿ ತಗೊಂಡ್ರಿ?’

ಮೇ 3ರ ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು. ಏಜೆನ್ಸಿಯವರೋ ಮಾಲೀಕರ ಮಗನೋ ಇರಬೇಕು, ಜಗಳಕ್ಕೆ ತಯಾರಾದೆ. ಮಾತಾಡಿದವರು ಮಾಲೀಕರೇ, ಅರವತ್ತು ದಾಟಿದ ದನಿ.

‘ಅಮ್ಮಾ, ನಮ್ಮುಡ್ಗ ನೀವು ಬರ್ದಿದ್ದು ತೋರ್ಸ್ದ. ಪಾಯ್ಸ ಅಂದಿದ್ದೀರಿ. ಬೇಜಾರಿಲ್ಲ, ಬಿಡಿ. ಎಲ್ಲಿ ತಗೊಂಡ್ರಿ ಅದ್ನ?’

ಹೇಳಿದೆ.

‘ಮೇಲ್ಗಡೆ ಸಾಲಲ್ಲಿತ್ತಾ, ಕೆಳ್ಗಡೆನಾ?’

ಮೇಲೆ ಅಂದೆ.

‘ಯಾವತ್ತು?’

ಸೋಮವಾರ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಎಲೆಕ್ಸನ್ ಟೇಮಲ್ಲಿ ಎರಡ್ ದಿನ ಬಾಗ್ಲು ಹಾಕಿದ್ರಲ್ಲಮ್ಮಾ. ಸೀಟ್ ಮನೆ ಅದು. ಒಳ್ಗೆ ಕೋಳಿ ಇಟ್ಟಿದ್ರೂ ಬೆಂದೋಗಿರ್ತಿತ್ತು.’

ಹನ್ನೊಂದು ರೀಲಿನ ಕೆಳಗೆ ಸೇರಿದ ಮಂದಿ, ನನ್ನ ಆರು ಸಾಲನ್ನು ಹಂಚಿದ ಮಂದಿ, ಇಷ್ಟೂ ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಏಪ್ರಿಲ್ 26ರ ಶುಕ್ರವಾರ ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯದಂಗಡಿ ತೆರೆಯುವಂತಿಲ್ಲ. ಬುಧವಾರ ಸಂಜೆ ಶಟರ್ ಎಳೆದವರು ಮತ್ತೆ ತೆರೆದದ್ದು ಶನಿವಾರ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿ, ಮೇಲೆ ಶೀಟು, ಫ್ಯಾನೂ ಬಂದ್. ಆ ಬಾಟಲಿ ಮಾರ್ಚ್ ಮಧ್ಯದಿಂದ ಅದೇ ಸಾಲಿನಲ್ಲಿ ನಿಂತೇ ಇತ್ತು.

ಬಿಸಿಗೆ ವೈನ್ ಹಿಗ್ಗುತ್ತದೆ, ಬೆಂಡನ್ನು ನೂಕುತ್ತದೆ. ತಣ್ಣಗಾದಾಗ ಕುಗ್ಗಿ ಬೆಂಡಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತದೆ. ಕೆಡದಂತೆ ಕಾಯಲು ಹಾಕಿದ ಗಂಧಕದ ಅಂಶ ಬೇಗ ಮುಗಿಯುತ್ತದೆ. ಹಸಿ ಹಣ್ಣಿನ ಘಮ ಹೋಗಿ ಒಣಹಣ್ಣಿನದು, ಕಾಸಿದ ಸಕ್ಕರೆಯದು ಬರುತ್ತದೆ. ವೈನಿಗೆ ಹಿತವಾದದ್ದು 12ರಿಂದ 15 ಡಿಗ್ರಿ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಬೆಂಡು ಎದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಸಾಕ್ಷಿ ಕೈಯಲ್ಲಿತ್ತು, ತೀರ್ಪು ತಲೆಯಲ್ಲಿ ಮೊದಲೇ ಬರೆದಾಗಿತ್ತು.

ಫೋನ್ ಇಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು. ಎರಡು ಹೋಟೆಲಿನವರು ಆರ್ಡರ್ ನಿಲ್ಲಿಸಿದ್ದಾರಂತೆ. ದೂರಿನ ದನಿ ಇರಲಿಲ್ಲ, ಮಳೆ ಬಂತೋ ಇಲ್ಲವೋ ಅನ್ನುವಂತೆ ಹೇಳಿದರು.

ಏಳು ಜನ, ಮೂರು ಬಟ್ಟಲು

ಅವರ ಮಾತು ನಂಬುವಂತಿತ್ತು. ಆದರೆ ವೈನ್ ಮಾಡಿದವನು ತನ್ನ ವೈನನ್ನು ಬಿಟ್ಟುಕೊಡುವನೇ? ಪರೀಕ್ಷೆ ಮಾಡಬೇಕಿತ್ತು. ಮೇ 4ರಂದು ಅದೇ ಅಂಗಡಿಯ ಅದೇ ಸಾಲಿನಿಂದ ಇನ್ನೊಂದು ಬಾಟಲಿ ತಂದೆ, ಲಾಟ್ ನಂಬರ್ ಅದೇ, ಅಂದರೆ ಒಟ್ಟಿಗೆ ತುಂಬಿಸಿದ ಸರಕು. ಎದುರಿಗಿಡಲು ಬಿಸಿಲು ಕಾಣದ, ಅದೇ ಲಾಟಿನ ಬಾಟಲಿ ಬೇಕು. ತೋಟದಿಂದಲೇ ಕಳಿಸುತ್ತೇನೆ ಎಂದರು ಹಿರಿಯರು. ಬೇಡ ಅಂದೆ, ಆರಿಸಿ ಕಳಿಸಿದ್ದು ಅಂತಾಗುತ್ತದೆ. ರೀಲ್ ಮಾಡಿದ ಮೊದಲ ಹುಡುಗಿಗೆ ಮೆಸೇಜ್ ಹಾಕಿದೆ. ಮಂಗಳೂರಿನ ಕಡೆಯವಳು, ಬೆಂಗಳೂರಿಗೆ ಬಂದು ನಾಲ್ಕು ವರ್ಷ.

‘ಅಕ್ಕಾ, ಬೈಬೇಡಿ. ನಾನು ಕುಡಿಯುವುದೇ ಇಲ್ಲ. ಗ್ಲಾಸಲ್ಲಿದ್ದದ್ದು ಪುನರ್ಪುಳಿ ಶರಬತ್ತು. ಬಾಟ್ಲಿ ಹಾಗೇ ಉಂಟು, ಬೇಕಾದ್ರೆ ಕೊಂಡೋಗಿ.’

ಮಾಣಿಕ್ಯದ ಬಣ್ಣ ಎಂದು ನೋಡಿದವರೆಲ್ಲ ಕೊಂಡಾಡಿದ್ದು ಪುನರ್ಪುಳಿಯನ್ನು. ರೀಲಿಗೆ 4,000 ರೂಪಾಯಿ ಮತ್ತು ಹ್ಯಾಂಪರ್ ಅವಳಿಗೆ ಸಿಕ್ಕಿತ್ತು. ಹ್ಯಾಂಪರಿನ ಚಾಕೊಲೇಟ್ ತಿಂದು, ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಕತ್ತಲಲ್ಲಿ ಮಲಗಿಸಿಟ್ಟಿದ್ದಳು. ಹನ್ನೊಂದು ಜನರಲ್ಲಿ ವೈನನ್ನು ಸರಿಯಾಗಿ ಇಟ್ಟುಕೊಂಡವಳು ಪ್ರಾಯಶಃ ಇವಳೊಬ್ಬಳೇ. ನನಗೆ ಅವಳ ಮೇಲೆ ಸಿಟ್ಟೇ ಬರಲಿಲ್ಲ. ಓದು ಎಂದು ಕೊಟ್ಟದ್ದನ್ನು ಓದಿದಳು, ಕೇಳಿದಾಗ ನಿಜ ಹೇಳಿದಳು.

ಪರೀಕ್ಷೆ ನಡೆದದ್ದು ಬಸವನಗುಡಿಯಲ್ಲಿ, ಕಾಫಿ ಬೀಜ ಹುರಿಯುವ ವ್ಯಾಪಾರದ ಗೆಳತಿಯ ಮನೆಯಲ್ಲಿ. ಕಾಫಿ ಬೋರ್ಡಿನ ಊರು ಇದು, ಕಾಫಿ ರುಚಿ ನೋಡುವವರಿಗೆ ತ್ರಿಕೋನ ಪರೀಕ್ಷೆ ನೀರು ಕುಡಿದಷ್ಟು ಸಲೀಸು. ಮೂರು ಬಟ್ಟಲು, ಎರಡರಲ್ಲಿ ಒಂದೇ ದ್ರವ, ಒಂದರಲ್ಲಿ ಬೇರೆ. ಬೇರೆಯದು ಯಾವುದು ಎಂದು ಹಿಡಿಯಬೇಕು, ಅಷ್ಟೇ. ಒಳ್ಳೆಯದು ಕೆಟ್ಟದ್ದು ಎಂದು ಯಾರೂ ಕೇಳುವುದಿಲ್ಲ. ಬಟ್ಟಲು ಇಡುವ ಕ್ರಮವನ್ನು ಗೆಳತಿ ಒಬ್ಬೊಬ್ಬರಿಗೂ ಬದಲಿಸಿದಳು. ಬಣ್ಣ ಕಾಣದಿರಲೆಂದು ಕಪ್ಪು ಪಿಂಗಾಣಿ ಬಟ್ಟಲು, ದೀಪ ಮಂಕು. ಈ ಎಚ್ಚರ ಅತಿಯೇನಲ್ಲ. ಫ್ರಾನ್ಸಿನಲ್ಲಿ 54 ಮಂದಿಗೆ, ಅದೂ ವೈನ್ ಕಲಿಯುತ್ತಿದ್ದವರಿಗೆ, ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟಿದ್ದರು. 2001ರಲ್ಲಿ ಅಚ್ಚಾದ ಆ ವರದಿಯ ಪ್ರಕಾರ ಅವರು ಕೆಂಪು ವೈನಿಗೆ ಬಳಸುವ ಪದಗಳನ್ನೇ ಬರೆದರು. ಕಣ್ಣು ಹೇಳಿದ್ದಕ್ಕೆ ಮೂಗು ಹೂಂ ಅಂದಿತ್ತು.

ಏಳು ಜನ ಸೇರಿದೆವು. ಗೆಳತಿಯ ಅಣ್ಣ, ಪಕ್ಕದ ಮನೆಯ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಗೆಳತಿಯ ಕಾಫಿ ಅಂಗಡಿಯ ಹುಡುಗ, ಊದುಬತ್ತಿಗೆ ಪರಿಮಳ ಬೆರೆಸುವ ಒಬ್ಬ ಹಿರಿಯರು, ಮದುವೆ ಅಡುಗೆಯ ಭಟ್ಟರು, ನಾನು. ಭಟ್ಟರು ಕುಡಿಯುವವರಲ್ಲ, ಮೂಸುತ್ತೇನೆ ಅಂದರು. ಸರಿ ಅಂದೆವು.

ಏಳರಲ್ಲಿ ಆರು ಜನ ಬೇರೆಯ ಬಟ್ಟಲನ್ನು ಸರಿಯಾಗಿ ಹಿಡಿದರು. ಬರೀ ಕುರುಡು ಊಹೆಯಲ್ಲಿ ಏಳಕ್ಕೆ ಆರು ಅಥವಾ ಏಳು ಸರಿ ಬರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದೇ ಲಾಟಿನ ಎರಡು ಬಾಟಲಿ ಎರಡು ಬೇರೆ ವೈನ್ ಆಗಿಹೋಗಿದ್ದವು.

ತಪ್ಪಿದವಳು ನಾನು.

ಒಬ್ಬೊಬ್ಬರಾಗಿ ಬರೆದುಕೊಟ್ಟ ಚೀಟಿಗಳನ್ನು ಗೆಳತಿ ಜೋರಾಗಿ ಓದುತ್ತ ಹೋದಳು. ನನ್ನದು ಬಂದಾಗ ನಿಲ್ಲಿಸಿ, ಇನ್ನೊಮ್ಮೆ ನೋಡಿ, ಮಡಚಿ ಕೆಳಗಿಟ್ಟಳು. ಮೊದಲ ಗುಟುಕು ಯಾವಾಗಲೂ ಗಡಸಾಗಿ ಕಾಣುತ್ತದೆ. ನನಗೆ ಮೊದಲು ಸಿಕ್ಕಿದ್ದು ಒಳ್ಳೆಯ ಬಟ್ಟಲು, ಅದರ ಒಗರು ನಾಲಿಗೆ ಹಿಡಿದ ಕೂಡಲೇ ‘ಇದೇ ಕೆಟ್ಟದ್ದು’ ಎಂದು ಬರೆದುಬಿಟ್ಟಿದ್ದೆ. ಅಂದರೆ ನಾನು ಬೇರೆಯದನ್ನು ಹುಡುಕಲೇ ಇಲ್ಲ, ಕೆಟ್ಟದ್ದನ್ನು ಹುಡುಕಿದೆ. ಸಮಾಧಾನಕ್ಕೆ ಒಂದು ಲೆಕ್ಕ ಇದೆ: ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಹೇಳದೆ ಮೂರು ಸಲ ಕೊಟ್ಟಾಗ, ಹತ್ತಕ್ಕೆ ಒಬ್ಬರಷ್ಟೇ ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟರು ಎಂದು ರಾಬರ್ಟ್ ಹಾಡ್ಗ್‌ಸನ್ 2008ರಲ್ಲಿ ಬರೆದಿದ್ದಾರೆ. ಸಮಾಧಾನ ಆಗಲಿಲ್ಲ.

ಆಮೇಲೆ ಯಾವುದು ಏನು ಎಂದು ಹೇಳದೆಯೇ ಮಾತಿಗೆ ಬಿಟ್ಟೆವು. ಭಟ್ಟರು ಅಂಗಡಿಯ ಬಟ್ಟಲನ್ನು ಇನ್ನೊಮ್ಮೆ ಮೂಸಿ, ‘ಇದು ಪಾಕ ಮೀರಿದ್ದು ಮಾರಾಯ್ರೆ. ಇಳಿಸುವ ಹೊತ್ತಿಗೆ ಯಾರೋ ಮಾತಿಗೆ ನಿಂತಿದ್ದಾರೆ’ ಅಂದರು. ಊದುಬತ್ತಿಯ ಹಿರಿಯರು ಬೇರೆ ದಾರಿಯಲ್ಲಿ ಅಲ್ಲಿಗೇ ಬಂದರು: ‘ಅತ್ತರನ್ನು ಬಿಸಿಲಿಗಿಟ್ಟರೆ ಮೇಲಿನ ವಾಸನೆ ಮೊದಲು ಹಾರಿಹೋಗುತ್ತೆ, ತಳ ಮಾತ್ರ ಉಳಿಯುತ್ತೆ. ಇದರಲ್ಲಿ ತಳ ಇದೆ, ತಲೆ ಇಲ್ಲ.’ ಅಕ್ಕಿ ಡಬ್ಬದ ಹಿಂದಿನ ಬಾಟಲಿಗೆ ಕಾಫಿ ಹುಡುಗ ಒಂದು ಪದ ಹಾಕಿದ, ಶಿಡ್ಲಘಟ್ಟದ ಹುಡುಗ ಅವನು: ‘ಹಿಪ್ಪುನೇರಳೆ ಹಣ್ಣು. ಕೈಯೆಲ್ಲ ಕಪ್ಪಾಗೋದಲ್ಲ, ಅದು.’ ಡಾಕ್ಟರ ಹೆಂಡತಿ ಮೆಣಸು ಅಂದರು, ಕುಟ್ಟಿದ ಮೆಣಸಲ್ಲ, ಡಬ್ಬಿ ಮುಚ್ಚಳ ತೆಗೆದಾಗ ಬರುವುದು. ಏಜೆನ್ಸಿಯ ಒಕ್ಕಣೆ ಬರೆದವರಿಗೂ ಸಿಗದ ಪದ, ನನಗೂ ಸಿಗದ ಪದ, ವೈನ್ ಪುಸ್ತಕವನ್ನೇ ನೋಡದವರ ಬಾಯಲ್ಲಿ ಬಂತು. ಕೊಂಡು ಕುಡಿದ ಬಾಟಲಿಯಲ್ಲಿ ಮೆಣಸಿರಲಿಲ್ಲ, ಹಾರಿಹೋಗಿತ್ತು. ಆದರೆ ಶಿರಾಜ್‌ನಲ್ಲಿ ಮೆಣಸು ಇಲ್ಲವೇಕೆ ಎಂದು ಆ ರಾತ್ರಿ ನಾನು ಕೇಳಿಕೊಂಡಿದ್ದರೆ ಆರನೇ ಸಾಲು ಬರೆಯುತ್ತಿರಲಿಲ್ಲ.

ತಿದ್ದುಪಡಿ ಮತ್ತು ಅದರ ನಂತರ

ಮೇ 6ರಂದು ತಿದ್ದುಪಡಿ ಹಾಕಿದೆ, ಪರೀಕ್ಷೆಯ ವಿವರ ಮತ್ತು ನಾನು ತಪ್ಪಿದ್ದರ ಸಮೇತ. 19 ಜನ ಹಂಚಿದರು. 300 ಎಲ್ಲಿ, 19 ಎಲ್ಲಿ. ‘ಐಸ್‌ಕ್ರೀಂ ತಿಂದಿರಬೇಕು’ ಅನ್ನುವುದಕ್ಕಿರುವ ಕಾಲು ‘ನಾನು ಬೇರೆಯ ಬಟ್ಟಲನ್ನು ತಪ್ಪಾಗಿ ಗುರುತಿಸಿದೆ’ ಅನ್ನುವುದಕ್ಕೆ ಇಲ್ಲ. ಹೋಟೆಲುಗಳಲ್ಲಿ ಒಂದಕ್ಕೆ ನಾನೇ ಹೋಗಿ ಹೇಳಿಬಂದೆ. ಅಲ್ಲಿನ ಆರ್ಡರ್ ಮತ್ತೆ ಶುರುವಾಯಿತು. ಇನ್ನೊಂದರದ್ದು ಆಗಲಿಲ್ಲ.

ಈಗ ಬರೆಯುವಾಗ ಬಾಟಲಿ ಕೊಂಡ ಬಡಾವಣೆ, ತಾರೀಖು, ಲಾಟ್ ನಂಬರ್, ಕೊಟ್ಟ ದುಡ್ಡು, ಅಂಗಡಿಯಲ್ಲಿ ನಿಂತಿತ್ತೋ ಮಲಗಿತ್ತೋ ಇಷ್ಟನ್ನೂ ಹಾಕುತ್ತೇನೆ. ಕೆಟ್ಟದ್ದು ಅನ್ನುವ ಮುಂಚೆ ಬೇರೆ ಅಂಗಡಿಯಿಂದ ಇನ್ನೊಂದು ಬಾಟಲಿ ತರುತ್ತೇನೆ. ಲೆಕ್ಕ ಹಾಕಿ: ಆರು ಸಾಲಿಗೆ 1,900 ರೂಪಾಯಿ. ಯಾರು ಕೊಡುತ್ತಾರೆ? ಪಾರ್ಕರ್‌ನ ಅಂಕದ ಹುಚ್ಚನ್ನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಆದರೆ ಅದು ಜಾಹೀರಾತು ಮುಟ್ಟದೆ ಚಂದಾದಾರರ ದುಡ್ಡಿನಲ್ಲಿ ನಡೆದ ಪತ್ರಿಕೆ. ನಾವು ಅಂಕವನ್ನು ತೆಗೆದುಕೊಂಡೆವು, ಚಂದಾವನ್ನು ಬಿಟ್ಟೆವು. ಕನ್ನಡದಲ್ಲಿ ಓದುವುದು ಪುಕ್ಕಟೆ, ಬರೆಯುವುದು ಪುಕ್ಕಟೆ. ಪುಕ್ಕಟೆಯಲ್ಲದ್ದು ಬಾಟಲಿ ಒಂದೇ. ಅದನ್ನು ಪುಕ್ಕಟೆ ಕೊಡುವವರು ಬಾಗಿಲಲ್ಲೇ ನಿಂತಿರುತ್ತಾರೆ. ನನಗೆ ಸಂಬಳದ ಕೆಲಸ ಇದೆ, ಆದ್ದರಿಂದ ಬಾಗಿಲು ತೆಗೆಯದೆ ಇರಲು ಸಾಧ್ಯ. ಮಂಗಳೂರಿನ ಆ ಹುಡುಗಿಗೆ ಇದನ್ನು ಉಪದೇಶ ಮಾಡುವ ಹಕ್ಕು ನನಗಿಲ್ಲ.

ಹಿರಿಯರು ಏಜೆನ್ಸಿಯನ್ನು ಬಿಡಲಿಲ್ಲ. ಮಗ ಒಪ್ಪಲಿಲ್ಲ. ಅವನ ವಾದದಲ್ಲೂ ಹುರುಳಿದೆ: ರೀಲ್ ಬಂದ ವಾರ ತೋಟಕ್ಕೆ ಬಂದವರು ಅದಕ್ಕೆ ಮುಂಚೆ ತಿಂಗಳಲ್ಲೂ ಬಂದಿರಲಿಲ್ಲ. ಆದರೆ ಹಿಂದಿನ ಲೇಬಲ್ಲಿನ ಮೇಲೆ ಕನ್ನಡದ ನಾಲ್ಕು ಸಾಲು ಬೇಕು ಎಂದು ಹಿರಿಯರು ಹಟ ಹಿಡಿದರು. ಲೇಬಲ್ಲಿಗೆ ಅಬಕಾರಿ ಇಲಾಖೆಯ ಅನುಮೋದನೆ ಬೇಕು, ಅಬಕಾರಿ ವರ್ಷ ಜುಲೈನಲ್ಲಿ ಶುರು, ಆ ತನಕ ಕಾಯಬೇಕಾಯಿತು. ಕರಡನ್ನು ನನಗೆ ಓದಿ ಹೇಳಿದರು. ಹಿಪ್ಪುನೇರಳೆ, ಮೆಣಸು, ಒಗರು ಮೂರೂ ಇದ್ದವು. ಹಿಪ್ಪುನೇರಳೆಗೆ ಅವರು ಒಂದು ಕ್ಷಣ ನಿಂತರು. ದ್ರಾಕ್ಷಿಗೆ ಬರುವ ಮುಂಚೆ ಇಪ್ಪತ್ತು ವರ್ಷ ರೇಷ್ಮೆಹುಳಕ್ಕೆ ಅದರ ಸೊಪ್ಪು ಬೆಳೆದಿದ್ದರಂತೆ. ‘ಹಣ್ಣು ಹುಡುಗ್ರು ತಿನ್ನೋವು, ನಾವ್ ಸೊಪ್ಪು ನೋಡ್ಕಂಡ್ ಕುಂತಿದ್ವಿ’ ಅಂದರು. ನಾಲ್ಕನೇ ಸಾಲು ನಾನು ಹೇಳಿದ್ದು: ಬಿಸಿಲಿಗಿಡಬೇಡಿ, ಮಲಗಿಸಿಡಿ.

ಆಗಸ್ಟಿನಲ್ಲಿ ಆ ವೈನ್ ಶಾಪಿಗೆ ಹೋದೆ. ಮೇಲಿನ ಸಾಲಿನಲ್ಲಿ ವೈನ್ ಇರಲಿಲ್ಲ. ಖಾಲಿಯಾಯಿತೇ ಎಂದು ಕೇಳಿದೆ. ಹುಡುಗ ಬಗ್ಗಿ, ಬಿಯರ್ ಕ್ರೇಟುಗಳನ್ನು ಪಕ್ಕಕ್ಕೆ ಸರಿಸಿ ತೋರಿಸಿದ. ತಣ್ಣನೆ ನೆಲಕ್ಕೆ ರಟ್ಟು ಹಾಸಿ ಆರು ಬಾಟಲಿಗಳನ್ನು ಸಾಲಾಗಿ ಮಲಗಿಸಿದ್ದ, ಮೇಲೆ ಗೋಣಿತಾಟು.

‘ನೀವು ಹೇಳಿದ್ರಿ ಅಂತ ಮಲಗ್ಸಿದೀನಿ ಮೇಡಂ. ಈಗ ಯಾರ್ ಕಣ್ಣಿಗೂ ಬೀಳಲ್ಲ. ಜೂನಿಂದ ಒಂದೂ ಹೋಗಿಲ್ಲ.’